ರೀಸ್ಲಿಂಗ್ ಅಂದ್ರೆ ಬರೀ ಸಿಹಿ ವೈನಾ? ಲೇಬಲ್ ಮೇಲಿನ ಒಂದು ನಂಬರ್ ಅರ್ಧ ಕಥೆ ಹೇಳುತ್ತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ವಿಷಯ ವೈನ್. ಅದರಲ್ಲೂ ಒಂದೇ ಒಂದು ದ್ರಾಕ್ಷಿ ತಳಿ, ರೀಸ್ಲಿಂಗ್. ಶುರು ಮಾಡೋ ಮುಂಚೆ ಒಂದು ಮಾತು: ಈ ಸಂಚಿಕೆ ಕಾನೂನಿನ ಪ್ರಕಾರ ಕುಡಿಯೋ ವಯಸ್ಸಾದವರಿಗೆ ಮಾತ್ರ. ಕುಡಿಯದವರು ಕುಡಿಯೋಕೆ ಶುರು ಮಾಡಬೇಕು ಅಂತ ನಾನು ಹೇಳ್ತಿಲ್ಲ. ಆದ್ರೆ ಕುಡಿಯದೇ ಇರೋರಿಗೂ ಇದರಲ್ಲಿ ಒಂದು ಒಳ್ಳೆ ಕಥೆ ಇದೆ. ಒಂದು ಬ್ರ್ಯಾಂಡ್ ಹೆಸರು ಹೇಗೆ ಹಾಳಾಗುತ್ತೆ, ಹಾಳಾದ ಮೇಲೆ ಅದರ ಬೆಲೆಯನ್ನ ಯಾರು ಕಟ್ಟಬೇಕಾಗುತ್ತೆ ಅನ್ನೋ ಕಥೆ.

ರೀಸ್ಲಿಂಗ್ ಬಗ್ಗೆ ಸ್ವಲ್ಪ ಕೇಳಿರೋರನ್ನ ಕೇಳಿ ನೋಡಿ, ಬರೋ ಉತ್ತರ ಒಂದೇ: "ಅಯ್ಯೋ, ಅದು ಸಿಹಿ ವೈನ್ ಅಲ್ವಾ?" ಅರ್ಧ ಸರಿ. ಸಿಹಿ ರೀಸ್ಲಿಂಗ್ ಇದೆ. ಒಂದು ಹನಿ ಸಿಹಿಯೂ ಗೊತ್ತಾಗದ, ನಾಲಿಗೆ ಚುರ್ ಅನ್ನಿಸೋ ರೀಸ್ಲಿಂಗ್ ಕೂಡ ಇದೆ. ನಡುವೆ ಹತ್ತಾರು ಮೆಟ್ಟಿಲಿವೆ. ಒಂದೇ ದ್ರಾಕ್ಷಿಯಿಂದ ಇಷ್ಟು ದೂರದ ಎರಡು ತುದಿ ಮುಟ್ಟೋ ಬಿಳಿ ವೈನ್ ತಳಿಗಳು ತುಂಬಾ ಕಡಿಮೆ. ಹಾಗಾದ್ರೆ ಕೈಯಲ್ಲಿರೋ ಬಾಟಲಿ ಯಾವ ಮೆಟ್ಟಿಲಿನದು ಅಂತ ತೆರೆಯೋ ಮುಂಚೆ ತಿಳಿಯೋದು ಹೇಗೆ, ಯಾವ ಊಟದ ಪಕ್ಕ ಇಡಬೇಕು? ಇವತ್ತು ಅದನ್ನೇ ನೋಡೋಣ.

ಹುಟ್ಟಿದ ದಾಖಲೆ ಒಂದು ಲೆಕ್ಕದ ಪುಸ್ತಕ

ನಾನು ಕಾಮರ್ಸ್ ಓದಿದೋನು, ಅದಕ್ಕೆ ಈ ವಿಷಯ ನನಗೆ ತುಂಬಾ ಇಷ್ಟ. ರೀಸ್ಲಿಂಗ್ ಹೆಸರು ಮೊದಲ ಸಲ ಸಿಗೋದು ಯಾವುದೋ ಕಾವ್ಯದಲ್ಲೋ ರಾಜಶಾಸನದಲ್ಲೋ ಅಲ್ಲ, ಒಂದು ಖರ್ಚಿನ ಲೆಕ್ಕದಲ್ಲಿ. 1435ರ ಮಾರ್ಚ್ 13. ಜರ್ಮನಿಯ ರೂಸೆಲ್ಸ್‌ಹೈಮ್ ಅನ್ನೋ ಊರು. ಅಲ್ಲಿನ ಕೌಂಟ್ ಅಂದ್ರೆ ಸಾಮಂತನ ಕಡೆಯ ಲೆಕ್ಕದವನು, ತೋಟದಲ್ಲಿ ನೆಡೋಕೆ ರೀಸ್ಲಿಂಗ್ ಸಸಿ ತಂದಿದ್ದಕ್ಕೆ 22 ಷಿಲ್ಲಿಂಗ್ ಅಂತ ಬರೆದಿಟ್ಟ. ಅಷ್ಟೇ. ಆರು ಶತಮಾನ ಹತ್ತಿರವಾಯ್ತು, ಆ ಒಂದು ಎಂಟ್ರಿ ಇವತ್ತಿಗೂ ಈ ತಳಿಯ ಬರ್ತ್ ಸರ್ಟಿಫಿಕೇಟ್ ಇದ್ದಂಗೆ. ವೋಚರ್ ಎಸೀಬೇಡಿ ಅಂತ ಅಕೌಂಟೆನ್ಸಿ ಮೇಷ್ಟ್ರು ಹೇಳ್ತಿದ್ದದ್ದು ಸುಮ್ನೆ ಅಲ್ಲ.

ಅಲ್ಲಿಂದ ಮುಂದೆ ಬನ್ನಿ. ರೈನ್ ನದಿ ದಂಡೆಯ ಶ್ಲಾಸ್ ಯೊಹಾನಿಸ್‌ಬರ್ಗ್ ಎಸ್ಟೇಟ್‌ನಲ್ಲಿ 1720ರಲ್ಲಿ ದೊಡ್ಡ ಪ್ರಮಾಣದಲ್ಲಿ ರೀಸ್ಲಿಂಗ್ ನೆಟ್ಟರು. ಪಕ್ಕದ ಮೋಸೆಲ್ ಕಣಿವೆಯಲ್ಲಿ 1787ರಲ್ಲಿ ಟ್ರಿಯರ್‌ನ ಧರ್ಮಾಧಿಪತಿ-ರಾಜ, ಕಳಪೆ ಬಳ್ಳಿಗಳನ್ನ ಕಿತ್ತು ಒಳ್ಳೆ ತಳಿ ನೆಡಿ ಅಂತ ಆದೇಶ ಹೊರಡಿಸಿದ. 19ನೇ ಶತಮಾನದ ಕೊನೆ ಹೊತ್ತಿಗೆ ಲಂಡನ್ ವೈನ್ ವ್ಯಾಪಾರಿಗಳ ಬೆಲೆಪಟ್ಟಿಯಲ್ಲಿ ಒಳ್ಳೆಯ ಜರ್ಮನ್ ರೀಸ್ಲಿಂಗ್‌ಗೆ ಫ್ರಾನ್ಸ್‌ನ ಬೋರ್ಡೊ ಕೆಂಪು ವೈನ್‌ಗಳಷ್ಟೇ ಬೆಲೆ ಇತ್ತು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಿಂಬೆ ಶರಬತ್ತಿನ ಲಾಜಿಕ್

ರೀಸ್ಲಿಂಗ್‌ನ ಗುಟ್ಟು ಅದರ ಹುಳಿ. ದ್ರಾಕ್ಷಿ ಪೂರ್ತಿ ಹಣ್ಣಾದ ಮೇಲೂ ಈ ತಳಿ ಹುಳಿಯನ್ನ ಬಿಟ್ಟುಕೊಡಲ್ಲ. ನಿಂಬೆ ಶರಬತ್ತು ಯೋಚನೆ ಮಾಡಿ. ಬರೀ ಸಕ್ಕರೆ ನೀರು ಕೊಟ್ರೆ ಎರಡು ಗುಟುಕಿಗೆ ಸಾಕಾಗುತ್ತೆ. ಅದೇ ಸಕ್ಕರೆಗೆ ಅರ್ಧ ನಿಂಬೆಹಣ್ಣು ಹಿಂಡಿದ್ರೆ ಇನ್ನೊಂದು ಲೋಟ ಬೇಕು ಅನ್ನಿಸುತ್ತೆ. ಸಕ್ಕರೆ ಕಡಿಮೆ ಆಗಿಲ್ಲ, ಅದಕ್ಕೆ ಎದುರಾಗಿ ನಿಲ್ಲೋ ಹುಳಿ ಬಂತು. ಮೋಸೆಲ್‌ನ ಕಾಬಿನೆಟ್ ಅನ್ನೋ ಮಾದರಿಯ ವೈನ್‌ನಲ್ಲಿ ಲೀಟರ್‌ಗೆ 30ರಿಂದ 50 ಗ್ರಾಂ ಸಕ್ಕರೆ ಇರಬಹುದು. ಕೋಲಾದಲ್ಲಿ ಲೀಟರ್‌ಗೆ ಸುಮಾರು 100 ಗ್ರಾಂ ಇರುತ್ತೆ. ಆದ್ರೂ ಆ ಕಾಬಿನೆಟ್ ಕುಡಿದವರಿಗೆ ಮೊದಲು ನೆನಪಾಗೋದು ಹಸಿರು ಸೇಬು, ನಿಂಬೆ, ಸಕ್ಕರೆ ಅಲ್ಲ.

ಇನ್ನೊಂದು ವಿಷಯ. ಸಾಮಾನ್ಯವಾಗಿ ರೀಸ್ಲಿಂಗ್‌ಗೆ ಹೊಸ ಓಕ್ ಪೀಪಾಯಿಯ ವಾಸನೆ ಹತ್ತೋಕೆ ಬಿಡಲ್ಲ. ಸ್ಟೀಲ್ ಟ್ಯಾಂಕ್ ಅಥವಾ ವಾಸನೆ ಬಿಡದಷ್ಟು ಹಳೆಯ ದೊಡ್ಡ ಪೀಪಾಯಿ ಬಳಸ್ತಾರೆ. ಹಾಗಾಗಿ ಗ್ಲಾಸಲ್ಲಿ ಸಿಗೋದು ಹಣ್ಣು ಮತ್ತು ಅದು ಬೆಳೆದ ಜಾಗ. ಮೇಕಪ್ ಕಡಿಮೆ. ಅದಕ್ಕೇ ಒಂದೇ ತಳಿ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಮನುಷ್ಯರ ಥರ ಮಾತಾಡುತ್ತೆ.

ಆ ಒಂದು ನಂಬರ್

ಈಗ ಲೆಕ್ಕಕ್ಕೆ ಬರೋಣ, ತುಂಬಾ ಸುಲಭ. ದ್ರಾಕ್ಷಿ ರಸದಲ್ಲಿ ಸಕ್ಕರೆ ಇದೆ. ಯೀಸ್ಟ್ ಆ ಸಕ್ಕರೆಯನ್ನ ತಿಂದು ಆಲ್ಕೋಹಾಲ್ ಮಾಡುತ್ತೆ. ಲೀಟರ್‌ಗೆ ಹೆಚ್ಚುಕಡಿಮೆ 17 ಗ್ರಾಂ ಸಕ್ಕರೆ ಖರ್ಚಾದ್ರೆ ಶೇ 1ರಷ್ಟು ಆಲ್ಕೋಹಾಲ್ ಜಮಾ. ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್. ಅಂದ್ರೆ ಆಲ್ಕೋಹಾಲ್ ಕಡಿಮೆ ಇದ್ರೆ ಖರ್ಚಾಗದ ಸಕ್ಕರೆ ಬಾಟಲಿಯಲ್ಲೇ ಉಳಿದಿದೆ ಅಂತ. ಆಲ್ಕೋಹಾಲ್ ಜಾಸ್ತಿ ಇದ್ರೆ ಸಕ್ಕರೆ ಹೆಚ್ಚುಕಡಿಮೆ ಖಾಲಿ.

ಆಲ್ಕೋಹಾಲ್ ಪ್ರಮಾಣ ಲೇಬಲ್ ಮೇಲೆ ಇದ್ದೇ ಇರುತ್ತೆ, ಸಣ್ಣ ಅಕ್ಷರದಲ್ಲಿ. ನಾನು ಇಟ್ಕೊಂಡಿರೋ ಸೂತ್ರ ಇದು:

- ಶೇ 7ರಿಂದ 9.5: ಸಿಹಿ ಗೊತ್ತಾಗುತ್ತೆ.
- ಶೇ 10ರಿಂದ 11.5: ಸ್ವಲ್ಪ ಸಿಹಿ, ಅಥವಾ ಸಿಹಿ-ಹುಳಿ ಸಮ.
- ಶೇ 12 ಮತ್ತು ಮೇಲೆ: ಬಹುತೇಕ ಡ್ರೈ, ಅಂದ್ರೆ ಸಿಹಿ ಇಲ್ಲ.

ಇದು ನೂರಕ್ಕೆ ನೂರು ಸರಿ ಅಲ್ಲ. ಫ್ರಾನ್ಸ್‌ನ ಅಲ್ಸಾಸ್‌ನಲ್ಲಿ ಶೇ 13 ಇದ್ದೂ ಸ್ವಲ್ಪ ಸಿಹಿ ಇರೋ ಬಾಟಲಿ ಸಿಗುತ್ತೆ. ಕೆನಡಾದ ಐಸ್‌ವೈನ್ ಶೇ 10 ಇದ್ರೂ ಜೇನುತುಪ್ಪದಷ್ಟು ಸಿಹಿ, ಯಾಕಂದ್ರೆ ಅದರ ರಸ ಶುರುವಿನಲ್ಲೇ ಅಷ್ಟು ಗಟ್ಟಿ. ಆದ್ರೆ ಅಂಗಡಿಯಲ್ಲಿ ನಿಂತು ಅರ್ಧ ನಿಮಿಷದಲ್ಲಿ ನಿರ್ಧಾರ ಮಾಡೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಕೆಲವು ಬಾಟಲಿಗಳ ಹಿಂದೆ ಡ್ರೈನಿಂದ ಸಿಹಿವರೆಗೆ ಒಂದು ಪಟ್ಟಿ ಎಳೆದು, ಇದು ಇಲ್ಲಿದೆ ಅಂತ ಬಾಣದ ಗುರುತು ಹಾಕಿರ್ತಾರೆ. ಅದು ಇಂಟರ್‌ನ್ಯಾಷನಲ್ ರೀಸ್ಲಿಂಗ್ ಫೌಂಡೇಶನ್ ರೂಪಿಸಿದ ಅಳತೆ. ಸಕ್ಕರೆಯನ್ನ ಒಂದೇ ನೋಡದೆ ಹುಳಿಗೂ ಸಕ್ಕರೆಗೂ ಇರೋ ಪ್ರಮಾಣ ನೋಡಿ ಹಾಕಿರೋದು. ಅದು ಕಾಣಿಸಿದ್ರೆ ನನ್ನ ಸೂತ್ರ ಮರೆತುಬಿಡಿ, ಅದನ್ನೇ ನಂಬಿ.

ಜರ್ಮನ್ ಲೇಬಲ್ ಯಾಕೆ ತಲೆ ತಿನ್ನುತ್ತೆ

ಜರ್ಮನ್ ಬಾಟಲಿ ಮೇಲೆ ಮೂರು ಪದ ಪದೇ ಪದೇ ಕಾಣುತ್ತೆ: ಕಾಬಿನೆಟ್, ಶ್ಪೇಟ್‌ಲೇಸೆ, ಔಸ್‌ಲೇಸೆ. ಅದರ ಮೇಲೆ ಬೇರೆನ್‌ಔಸ್‌ಲೇಸೆ, ಐಸ್‌ವೈನ್, ಟ್ರೋಕನ್‌ಬೇರೆನ್‌ಔಸ್‌ಲೇಸೆ ಇವೆ. ಬಾಯಲ್ಲಿ ತಿರುಗದ ಹೆಸರು, ಪರವಾಗಿಲ್ಲ. ಇವು ಸಿಹಿಯ ಮೆಟ್ಟಿಲು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅಸಲಿಗೆ ಇವು ಕೊಯ್ಲಿನ ದಿನ ದ್ರಾಕ್ಷಿಯಲ್ಲಿ ಎಷ್ಟು ಸಕ್ಕರೆ ಇತ್ತು ಅನ್ನೋದರ ಮೆಟ್ಟಿಲು. ಆ ಸಕ್ಕರೆಯನ್ನ ಪೂರ್ತಿ ಆಲ್ಕೋಹಾಲ್ ಮಾಡಿದ್ರಾ, ಸ್ವಲ್ಪ ಉಳಿಸಿದ್ರಾ ಅಂತ ಅದು ಹೇಳಲ್ಲ. ಹಾಗಾಗಿ ಶ್ಪೇಟ್‌ಲೇಸೆ ಸಿಹಿಯೂ ಇರಬಹುದು, ಡ್ರೈ ಕೂಡ ಇರಬಹುದು. ಪಕ್ಕದಲ್ಲಿ 'ಟ್ರೋಕೆನ್' ಅಂತಿದ್ರೆ ಡ್ರೈ. ಕಾನೂನಿನ ಪ್ರಕಾರ ಲೀಟರ್‌ಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. 'ಹಾಲ್ಬ್‌ಟ್ರೋಕೆನ್' ಅಂದ್ರೆ ಅರೆ ಡ್ರೈ. 'ಗ್ರೋಸೆಸ್ ಗೆವೆಕ್ಸ್' ಅಥವಾ ಜಿಜಿ ಅಂತ ಇದ್ರೆ ಒಳ್ಳೆಯ ತೋಟದ ಡ್ರೈ ವೈನ್, ಬೆಲೆಯೂ ಮೇಲೆ. ಅದರ ಕತ್ತಿನ ಮೇಲೆ ಹದ್ದಿನ ಚಿತ್ರ ಇದ್ರೆ ಅದು ಅಲ್ಲಿನ ಹಿರಿಯ ತೋಟಗಳ ಸಂಘ ವಿಡಿಪಿಯ ಗುರುತು.

ಈಗ ಬೆಲೆ ಬಿದ್ದ ಕಥೆ. 1971ರಲ್ಲಿ ಜರ್ಮನಿ ಹೊಸ ವೈನ್ ಕಾನೂನು ತಂತು. ಸುಮಾರು 30 ಸಾವಿರ ತೋಟದ ಹೆಸರುಗಳಿದ್ದವು, ಅವನ್ನ ಸೇರಿಸಿ ಸುಮಾರು 2,600ಕ್ಕೆ ಇಳಿಸಿದ್ರು. ಗೊಂದಲ ಕಡಿಮೆಯಾಗಲಿ ಅನ್ನೋದು ಉದ್ದೇಶ. ಅದರ ಜೊತೆಗೆ 'ಗ್ರೋಸ್‌ಲಾಗೆ' ಅನ್ನೋ ದೊಡ್ಡ ಗುಂಪುಗಳನ್ನೂ ಮಾಡಿದ್ರು, ಹತ್ತಾರು ಊರಿನ ತೋಟಗಳಿಗೆ ಒಂದೇ ಹೆಸರು. ಉದಾಹರಣೆಗೆ ಪೀಸ್‌ಪೋರ್ಟ್ ಅನ್ನೋ ಊರಿದೆ. 'ಪೀಸ್‌ಪೋರ್ಟರ್ ಗೋಲ್ಡ್‌ಟ್ರ್ಯೋಪ್ಫ್‌ಷೆನ್' ಅಂದ್ರೆ ಆ ಊರಿನ ಕಡಿದಾದ ಇಳಿಜಾರಿನ ಒಂದು ಹೆಸರಾಂತ ತೋಟ. 'ಪೀಸ್‌ಪೋರ್ಟರ್ ಮಿಷೆಲ್ಸ್‌ಬರ್ಗ್' ಅಂದ್ರೆ ಸುತ್ತಲಿನ ಎಷ್ಟೋ ಊರುಗಳ ಬಯಲು ಜಮೀನೂ ಸೇರಿದ ದೊಡ್ಡ ಗುಂಪು. ಅದರೊಳಗೆ ರೀಸ್ಲಿಂಗ್ ಇರಲೇಬೇಕು ಅಂತಲೂ ಇಲ್ಲ. ಲೇಬಲ್ ನೋಡಿದ ಗಿರಾಕಿಗೆ ಎರಡೂ ಒಂದೇ ಥರ ಕಾಣುತ್ತೆ.

ಅದೇ ಕಾಲದಲ್ಲಿ ಲೀಬ್‌ಫ್ರೌಮಿಲ್ಷ್ ಅನ್ನೋ ಅಗ್ಗದ, ಸಿಹಿ ಬಿಳಿ ವೈನ್ ಬ್ರಿಟನ್, ಅಮೆರಿಕಕ್ಕೆ ಹೊಳೆಯಂತೆ ಹರೀತಾ ಇತ್ತು. ಅದರಲ್ಲಿ ಹೆಚ್ಚಾಗಿ ಇದ್ದದ್ದು ಮ್ಯುಲರ್-ತುರ್ಗೌ ಅನ್ನೋ ಬೇರೆ ತಳಿ. ಆದ್ರೆ ಜನರ ಮನಸ್ಸಲ್ಲಿ ಉಳಿದದ್ದು ಏನು? ಉದ್ದ ಕತ್ತಿನ ಬಾಟಲಿ ಅಂದ್ರೆ ಸಿಹಿ, ಅಗ್ಗ. ಆ ಕೆಟ್ಟ ಹೆಸರು ಹೋಗಿ ಅಂಟಿಕೊಂಡದ್ದು ರೀಸ್ಲಿಂಗ್‌ಗೆ.

ಅರ್ಥಶಾಸ್ತ್ರ ಓದಿದವರಿಗೆ ಇಲ್ಲಿ ಜಾರ್ಜ್ ಆಕರ್‌ಲಾಫ್ ನೆನಪಾಗಬೇಕು. 1970ರಲ್ಲಿ ಅವರು ಬರೆದ ಲೇಖನ ಸೆಕೆಂಡ್ ಹ್ಯಾಂಡ್ ಕಾರುಗಳ ಮಾರುಕಟ್ಟೆ ಬಗ್ಗೆ. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಮಾತು ಸರಳ. ಕೊಳ್ಳೋನಿಗೆ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತಾಗದಿದ್ರೆ ಅವನು ಎರಡಕ್ಕೂ ಸರಾಸರಿ ಬೆಲೆ ಕೊಡ್ತಾನೆ. ಆ ಬೆಲೆ ಒಳ್ಳೆ ಮಾಲು ಇರೋನಿಗೆ ಗಿಟ್ಟಲ್ಲ. ಅವನು ಮಾರುಕಟ್ಟೆ ಬಿಡ್ತಾನೆ, ಕೆಟ್ಟದ್ದು ಉಳಿಯುತ್ತೆ. ಆ ಲೇಖನ ಬಂದ ಮರುವರ್ಷವೇ ಜರ್ಮನಿ ಈ ಲೇಬಲ್ ಕಾನೂನು ಮಾಡಿದ್ದು. ಕಡಿದಾದ ಗುಡ್ಡದಲ್ಲಿ ಕೈಯಲ್ಲಿ ಕೊಯ್ಲು ಮಾಡೋನಿಗೂ ಬಯಲಲ್ಲಿ ಯಂತ್ರದಲ್ಲಿ ಕೊಯ್ಲು ಮಾಡೋನಿಗೂ ಹೆಚ್ಚುಕಡಿಮೆ ಒಂದೇ ಹೆಸರಿನ ಲೇಬಲ್. ನಷ್ಟ ಯಾರಿಗೆ ಅಂತ ನೀವೇ ಹೇಳಿ.

1985ರಲ್ಲಿ ಇನ್ನೊಂದು ಪೆಟ್ಟು. ಪಕ್ಕದ ಆಸ್ಟ್ರಿಯಾದಲ್ಲಿ ಕೆಲವರು ವೈನ್ ಹೆಚ್ಚು ಸಿಹಿಯಾಗಿ, ಗಟ್ಟಿಯಾಗಿ ಅನ್ನಿಸಲಿ ಅಂತ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷಕಾರಿ ರಾಸಾಯನಿಕ ಬೆರೆಸ್ತಿದ್ದದ್ದು ಬಯಲಾಯ್ತು. ಆಸ್ಟ್ರಿಯಾದ ರಫ್ತು ನೆಲ ಕಚ್ಚಿತು. ಆದ್ರೆ ಮುಂದೆ ನಡೆದದ್ದು ಗಮನಿಸಿ. ಅದೇ ವರ್ಷ ಅವರು ಬಿಗಿ ಕಾನೂನು ತಂದ್ರು, ಸಿಹಿ ಬಿಟ್ಟು ಡ್ರೈ ವೈನ್ ಕಡೆ ತಿರುಗಿದ್ರು. ಇವತ್ತು ಆಸ್ಟ್ರಿಯಾದ ಡ್ರೈ ರೀಸ್ಲಿಂಗ್‌ಗೆ ಜಗತ್ತಿನಾದ್ಯಂತ ಗೌರವ ಇದೆ. ಹೋದ ನಂಬಿಕೆ ವಾಪಸ್ ಬರುತ್ತೆ, ಆದ್ರೆ ದಶಕಗಳು ಬೇಕು.

ಊರಿಂದ ಊರಿಗೆ

ಮೋಸೆಲ್, ಜರ್ಮನಿ. ಹಾವಿನ ಥರ ಸುತ್ತಿ ಹರಿಯೋ ನದಿ, ಎರಡೂ ಕಡೆ ಗೋಡೆಯಂತ ಗುಡ್ಡ. ಬ್ರೆಮ್ ಊರಿನ ಕಾಲ್ಮಾಂಟ್ ತೋಟದ ಇಳಿಜಾರು ಕೆಲವು ಕಡೆ 65 ಡಿಗ್ರಿವರೆಗೂ ಇದೆ. ಟ್ರ್ಯಾಕ್ಟರ್ ಮರೆತುಬಿಡಿ, ನಿಲ್ಲೋದೇ ಕಷ್ಟ. ಹಳಿ ಮೇಲೆ ಹತ್ತೋ ಪುಟ್ಟ ಗಾಡಿಗಳಲ್ಲಿ ಜನ, ದ್ರಾಕ್ಷಿ ಎರಡೂ ಓಡಾಡೋದು. ನೆಲ ತುಂಬಾ ಸ್ಲೇಟ್ ಕಲ್ಲು, ಹಳೇ ಕಾಲದ ಶಾಲೆ ಮಕ್ಕಳು ಬರೀತಿದ್ದ ಅದೇ ಸ್ಲೇಟ್. ಹಗಲು ಬಿಸಿಲು ಹೀರಿ ರಾತ್ರಿ ಬಳ್ಳಿಗೆ ಶಾಖ ಕೊಡುತ್ತೆ. ಅಷ್ಟು ಉತ್ತರದ ಚಳಿಯಲ್ಲಿ ದ್ರಾಕ್ಷಿ ಹಣ್ಣಾಗೋದೇ ಇದರಿಂದ. ಇಲ್ಲಿನ ವೈನ್ ಹಗುರ, ಆಲ್ಕೋಹಾಲ್ ಕಡಿಮೆ, ಹುಳಿ ಚುರುಕು. ಇಲ್ಲೇ ಪಕ್ಕದ ಸಾರ್ ಕಣಿವೆಯಲ್ಲಿ ಎಗಾನ್ ಮ್ಯುಲರ್ ಎಸ್ಟೇಟ್ ಇದೆ. ಅದರ 2003ರ ಸಿಹಿ ಟ್ರೋಕನ್‌ಬೇರೆನ್‌ಔಸ್‌ಲೇಸೆಯ ಒಂದು ಬಾಟಲಿ 2015ರಲ್ಲಿ ಟ್ರಿಯರ್ ಹರಾಜಿನಲ್ಲಿ 12 ಸಾವಿರ ಯೂರೊಗೆ ಹೋಯ್ತು. ಅದೇ ಕಣಿವೆಯ ಒಳ್ಳೆಯ ಕಾಬಿನೆಟ್ ಜರ್ಮನಿಯಲ್ಲಿ 10-20 ಯೂರೊಗೆ ಸಿಗುತ್ತೆ.

ಅಲ್ಸಾಸ್, ಫ್ರಾನ್ಸ್. ಗಡಿ ಪ್ರದೇಶ. 1871ರಿಂದ ಮೊದಲ ಮಹಾಯುದ್ಧ ಮುಗಿಯೋವರೆಗೆ ಜರ್ಮನಿ ಕೈಲಿತ್ತು, ಆಮೇಲೆ ಫ್ರಾನ್ಸ್. ಬಾಟಲಿ ಜರ್ಮನ್ ಥರ ಉದ್ದ, ಊಟದ ಮೇಜು ಫ್ರೆಂಚ್. ಇಲ್ಲಿನ ರೀಸ್ಲಿಂಗ್ ಸಾಮಾನ್ಯವಾಗಿ ಡ್ರೈ, ಮೋಸೆಲ್‌ಗಿಂತ ಮೈ ತುಂಬಿದ್ದು. ಯಾವುದು ಡ್ರೈ, ಯಾವುದು ಸಿಹಿ ಅನ್ನೋ ಗೊಂದಲ ಇಲ್ಲೂ ಇತ್ತು. 2021ರ ಫಸಲಿನಿಂದ ಲೇಬಲ್ ಮೇಲೆ ಸಿಹಿಯ ಮಟ್ಟ ಬರೆಯೋದು ಕಡ್ಡಾಯ ಮಾಡಿದ್ದಾರೆ. 'ಸೆಕ್' ಅಂತ ಇದ್ರೆ ಡ್ರೈ.

ವಾಖೌ, ಆಸ್ಟ್ರಿಯಾ. ಡ್ಯಾನ್ಯೂಬ್ ನದಿ ಮೇಲಿನ ಮೆಟ್ಟಿಲು ತೋಟಗಳು. ಇಲ್ಲಿ ಮೂರು ಹೆಸರು: ಶ್ಟೈನ್‌ಫೇಡರ್, ಫೇಡರ್‌ಶ್ಪೀಲ್, ಸ್ಮಾರಾಗ್ಡ್. ಮೂರೂ ಡ್ರೈ, ಹಗುರದಿಂದ ಭಾರದ ಕಡೆ ಹೋಗುತ್ತೆ. ಸ್ಮಾರಾಗ್ಡ್ ಅನ್ನೋದು ಆ ತೋಟಗಳ ಕಲ್ಲಿನ ಗೋಡೆ ಮೇಲೆ ಬಿಸಿಲು ಕಾಯಿಸೋ ಹಸಿರು ಹಲ್ಲಿಯ ಹೆಸರು.

ಕ್ಲೇರ್ ವ್ಯಾಲಿ, ಆಸ್ಟ್ರೇಲಿಯಾ. ಅಡಿಲೇಡ್‌ನ ಉತ್ತರಕ್ಕಿದೆ. ಹಗಲು ಬಿಸಿ, ರಾತ್ರಿ ತಂಪು. ಕಡ್ಡಿ ಮುರಿದಂಥ ಡ್ರೈ, ನಿಂಬೆಹಣ್ಣಿನ ಪರಿಮಳ. 2000ನೇ ಇಸವಿಯ ಫಸಲಿಗೆ ಇಲ್ಲಿನ ಹತ್ತಕ್ಕೂ ಹೆಚ್ಚು ಉತ್ಪಾದಕರು ಒಟ್ಟಾಗಿ ಕಾರ್ಕ್ ಬಿಟ್ಟು ತಿರುಗಿಸೋ ಮುಚ್ಚಳ ಹಾಕಿದ್ರು. ಕಾರ್ಕ್‌ನಿಂದ ವೈನ್ ಕೆಡುತ್ತೆ, ನಮ್ಮ ಹೂವಿನ ಘಮ ಹೋಗುತ್ತೆ ಅನ್ನೋದು ಅವರ ತಕರಾರು. ತಿರುಗಿಸೋ ಮುಚ್ಚಳ ಅಂದ್ರೆ ಕಳಪೆ ಅನ್ನೋ ಭಾವನೆ ಇನ್ನೂ ಇದ್ರೆ ಇವತ್ತೇ ಬಿಡಿ.

ಫಿಂಗರ್ ಲೇಕ್ಸ್, ಅಮೆರಿಕದ ನ್ಯೂಯಾರ್ಕ್ ರಾಜ್ಯ. ಬೆರಳಿನಂಥ ಉದ್ದುದ್ದ ಕೆರೆಗಳು. ಸೆನೆಕಾ ಕೆರೆ 180 ಮೀಟರ್‌ಗಿಂತ ಆಳ. ಅಷ್ಟು ನೀರು ಚಳಿಗಾಲದಲ್ಲಿ ದಂಡೆಯ ಬಳ್ಳಿಗಳಿಗೆ ಕಂಬಳಿ ಹೊದ್ದಿಸಿದ ಹಾಗೆ. ಈ ಚಳಿಯಲ್ಲಿ ಯುರೋಪಿನ ತಳಿ ಬದುಕಲ್ಲ ಅಂತ ಎಲ್ಲರೂ ಅಂದಿದ್ರು. 1951ರಲ್ಲಿ ಉಕ್ರೇನ್‌ನಿಂದ ವಲಸೆ ಬಂದ ಕಾನ್‌ಸ್ಟಾಂಟಿನ್ ಫ್ರಾಂಕ್, ನಮ್ಮೂರಲ್ಲಿ ಇದಕ್ಕಿಂತ ಚಳಿ ಇದ್ರೂ ಬೆಳೆದಿದ್ದೇವೆ ಅಂತ ಪಟ್ಟು ಹಿಡಿದ್ರು. 1962ರಲ್ಲಿ ಸ್ವಂತ ವೈನರಿ ಶುರು ಮಾಡಿ ಬೆಳೆದು ತೋರಿಸಿದ್ರು. ಇಲ್ಲಿ ಡ್ರೈನಿಂದ ಸಿಹಿವರೆಗೆ ಎಲ್ಲ ಸಿಗುತ್ತೆ.

ಒಂದು ಎಚ್ಚರಿಕೆ: ವೆಲ್ಷ್‌ರೀಸ್ಲಿಂಗ್ ಅಂತ ಬರೆದಿದ್ರೆ ಅದು ಬೇರೆ ತಳಿ. ಹೆಸರು ಮಾತ್ರ ಒಂದೇ, ಸಂಬಂಧ ಇಲ್ಲ.

"ಪೆಟ್ರೋಲ್ ವಾಸನೆ ಬರ್ತಿದೆ, ಕೆಟ್ಟಿದೆಯಾ?"

ಹೊಸದಾಗಿ ರೀಸ್ಲಿಂಗ್ ಕುಡಿಯೋರು ಕೇಳೋ ಮೊದಲ ಪ್ರಶ್ನೆ ಇದು. ಕೆಟ್ಟಿಲ್ಲ. ಟಿಡಿಎನ್ ಅನ್ನೋ ಒಂದು ಸಂಯುಕ್ತದಿಂದ ಬರೋ ವಾಸನೆ. ಬಿಸಿಲಿಗೆ ಹೆಚ್ಚು ಒಡ್ಡಿದ ದ್ರಾಕ್ಷಿಯಲ್ಲಿ ಇದರ ಮೂಲವಸ್ತು ಜಾಸ್ತಿ, ಬಾಟಲಿಯಲ್ಲಿ ವರ್ಷ ಕಳೆದ ಹಾಗೆ ವಾಸನೆ ಎದ್ದು ಬರುತ್ತೆ. ಹಳೆಯ ರೀಸ್ಲಿಂಗ್‌ನಲ್ಲಿ ಜೇನು, ಟೋಸ್ಟ್ ಜೊತೆ ಸ್ವಲ್ಪ ಬಂದ್ರೆ ಪ್ರೀತಿಸೋರು ತುಂಬಾ ಜನ.

ಊಟದ ಪಕ್ಕ: ನಾಲ್ಕು ನಿಯಮ

ಒಂದು, ಖಾರಕ್ಕೆ ಸಿಹಿ. ಆಲ್ಕೋಹಾಲ್ ಜಾಸ್ತಿ ಇದ್ರೆ ಮೆಣಸಿನಕಾಯಿ ಉರಿಯನ್ನ ಇನ್ನಷ್ಟು ಏರಿಸುತ್ತೆ. ಶೇ 14.5ರ ಕೆಂಪು ವೈನ್ ಜೊತೆ ಖಾರದ ಊಟ ಮಾಡಿದ್ರೆ ಬೆಂಕಿಗೆ ತುಪ್ಪ ಹಾಕಿದ ಹಾಗೆ. ಶೇ 8ರ ಕಾಬಿನೆಟ್‌ನಲ್ಲಿ ಆಲ್ಕೋಹಾಲ್ ಕಡಿಮೆ, ಉಳಿದ ಸಕ್ಕರೆ ಉರಿ ತಗ್ಗಿಸುತ್ತೆ, ಹುಳಿ ಬಾಯಿ ತೊಳೆಯುತ್ತೆ. ಥಾಯ್, ಸಿಚುವಾನ್ ಊಟಕ್ಕೆ ರೀಸ್ಲಿಂಗ್ ಹೇಳ್ತಾರಲ್ಲ, ಕಾರಣ ಇಷ್ಟೇ.

ಎರಡು, ಜಿಡ್ಡಿಗೆ ಹುಳಿ. ಅಲ್ಸಾಸ್‌ನ ಶೂಕ್ರೂಟ್ ಅಂದ್ರೆ ಹುದುಗಿಸಿದ ಎಲೆಕೋಸಿನ ಜೊತೆ ಹಂದಿಮಾಂಸ, ಸಾಸೇಜ್. ಪಕ್ಕದಲ್ಲಿ ಡ್ರೈ ರೀಸ್ಲಿಂಗ್. ಕೊಬ್ಬಿನ ಪ್ರತಿ ತುತ್ತಿನ ನಂತರ ವೈನ್ ನಾಲಿಗೆ ಒರೆಸಿ ಕೊಡುತ್ತೆ. ಅಲ್ಲಿನವರು ಕೋಳಿಯನ್ನೂ ರೀಸ್ಲಿಂಗ್ ಹಾಕಿ ಕೆನೆ ಸೇರಿಸಿ ಬೇಯಿಸ್ತಾರೆ.

ಮೂರು, ಊಟದ ಹುಳಿ ವೈನ್ ಹುಳಿಗಿಂತ ಜಾಸ್ತಿ ಆದ್ರೆ ವೈನ್ ನೀರಾಗಿ ಕಾಣುತ್ತೆ. ರೀಸ್ಲಿಂಗ್‌ನ ಲಾಭ ಏನಂದ್ರೆ, ನಿಂಬೆ ಹಿಂಡಿದ ಮೀನು, ಹುಣಸೆ ಹಾಕಿದ ಅಡುಗೆ ಎದುರು ಬೇರೆ ವೈನ್ ಸೋಲುವಲ್ಲಿ ಇದು ನಿಲ್ಲುತ್ತೆ.

ನಾಲ್ಕು, ಸಿಹಿತಿಂಡಿ ಇದ್ರೆ ವೈನ್ ಅದಕ್ಕಿಂತ ಸಿಹಿ ಇರಬೇಕು. ಐಸ್‌ವೈನ್ ಜೊತೆ ಹಣ್ಣಿನ ಟಾರ್ಟ್, ಔಸ್‌ಲೇಸೆ ಜೊತೆ ನೀಲಿ ಚೀಸ್ ಚೆನ್ನಾಗಿ ಹೋಗುತ್ತೆ.

ಇವೇ ನಿಯಮ ನಮ್ಮ ತಟ್ಟೆಗೆ ತಂದ್ರೆ? ರೀಸ್ಲಿಂಗ್ ಇಲ್ಲಿಯದಲ್ಲ, ಆದ್ರೆ ಖಾರ-ಹುಳಿ-ಕಾಯಿ ಸೇರಿದ ಅಡುಗೆ ನಮ್ಮ ದಿನದ ಊಟ. ನನ್ನ ಪಟ್ಟಿ ಕೇಳಿ:

- ಗೋಬಿ ಮಂಚೂರಿ, ಚಿಲ್ಲಿ ಚಿಕನ್, ಮೆಣಸಿನಕಾಯಿ ಬಜ್ಜಿ: ಕಾಬಿನೆಟ್, ಅಥವಾ ಅರೆ ಡ್ರೈ.
- ಚಿಕನ್ ಘೀ ರೋಸ್ಟ್: ಸಿಹಿ ಉಳಿಸಿದ ಶ್ಪೇಟ್‌ಲೇಸೆ. ಬ್ಯಾಡಗಿ ಮೆಣಸಿನಕಾಯಿಗೂ ತುಪ್ಪಕ್ಕೂ ಎರಡಕ್ಕೂ ಉತ್ತರ ಇದರಲ್ಲಿದೆ.
- ತವಾ ಫ್ರೈ ಮೀನು, ಪಕ್ಕದಲ್ಲಿ ನಿಂಬೆ ಹೋಳು: ಕ್ಲೇರ್ ವ್ಯಾಲಿಯ ಡ್ರೈ.
- ಸೀಗಡಿ ಗಸಿ, ನೀರುದೋಸೆ: ಶೇ 10-11ರ ಅರೆ ಡ್ರೈ.
- ಕೊಡಗಿನ ಪಂದಿ ಕರಿ: ಕಾಚಂಪುಳಿಯ ಹುಳಿ, ಕಾಳುಮೆಣಸು, ಕೊಬ್ಬು ಮೂರೂ ಇದೆ. ಮೈ ತುಂಬಿದ ಅಲ್ಸಾಸ್ ರೀಸ್ಲಿಂಗ್.
- ಕೋಸಂಬರಿ, ಉಪ್ಪು ಹಾಕಿದ ಕಡಲೆಬೀಜ: ಯಾವುದೇ ಹಗುರವಾದ ಡ್ರೈ.

ಬೇಡವಾದದ್ದು: ಬಿಸಿ ತಿಳಿಸಾರು, ಉಪ್ಪಿನಕಾಯಿ, ಮೈಸೂರು ಪಾಕ್. ಮೊದಲ ಎರಡು ವೈನ್ ರುಚಿ ಮುಚ್ಚಿಬಿಡುತ್ತೆ, ಮೂರನೆಯದು ಹೆಚ್ಚಿನ ರೀಸ್ಲಿಂಗ್‌ಗಿಂತ ಸಿಹಿ.

ಫ್ರಿಜ್‌ನಲ್ಲಿ ಒಂದೆರಡು ಗಂಟೆ ಇಟ್ಟು 8ರಿಂದ 10 ಡಿಗ್ರಿಯಲ್ಲಿ ಕುಡಿದ್ರೆ ಚೆನ್ನ. ಐಸ್‌ನಷ್ಟು ತಣ್ಣಗೆ ಮಾಡಿದ್ರೆ ಘಮ ಏಳಲ್ಲ. ಹುಳಿ ಜಾಸ್ತಿ ಇರೋದ್ರಿಂದ ತೆರೆದ ಬಾಟಲಿ ಮುಚ್ಚಿ ಫ್ರಿಜ್‌ನಲ್ಲಿಟ್ರೆ ಮೂರ್ನಾಲ್ಕು ದಿನ ತೊಂದರೆ ಇಲ್ಲ. ಒಂದೇ ರಾತ್ರಿ ಖಾಲಿ ಮಾಡಬೇಕು ಅನ್ನೋ ಒತ್ತಡ ಬೇಡ.

ಇಲ್ಲಿ ಬೆಲೆ ಯಾಕೆ ಅಷ್ಟು

ಜರ್ಮನಿಯ 12 ಯೂರೊ ಬಾಟಲಿ ಇಲ್ಲಿ ಅದೇ ಬೆಲೆಗೆ ಸಿಗಲ್ಲ. ಆಮದು ವೈನ್ ಮೇಲೆ ಭಾರತದ ಕಸ್ಟಮ್ಸ್ ಸುಂಕ ಬಹಳ ಕಾಲ ಶೇ 150 ಇತ್ತು. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ, ಆಮದುದಾರ, ಅಂಗಡಿ, ಹೋಟೆಲ್ ಎಲ್ಲರ ಪಾಲು. ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. 5 ಡಾಲರ್‌ಗಿಂತ ಹೆಚ್ಚು ಬೆಲೆಯ ಬಾಟಲಿಗೆ ಸುಂಕ ಶೇ 100ಕ್ಕೆ ಇಳೀತು, ಹತ್ತು ವರ್ಷದಲ್ಲಿ ಶೇ 50ಕ್ಕೆ ಬರಬೇಕು. 15 ಡಾಲರ್ ಮೇಲಿನದ್ದಕ್ಕೆ ಶೇ 75, ಮುಂದೆ ಶೇ 25. ಹಾಗಾಗಿ ಆಸ್ಟ್ರೇಲಿಯಾದ ರೀಸ್ಲಿಂಗ್ ಮೇಲೆ ಒಂದು ಕಣ್ಣಿಡಿ. ನಮ್ಮ ದೇಶದಲ್ಲಿ ನಾಸಿಕ್‌ನ ಸುಲಾ ಕೂಡ ರೀಸ್ಲಿಂಗ್ ತಂದಿದೆ. ವಿದೇಶದಲ್ಲಿ ಓದ್ತಿರೋ, ಕೆಲಸ ಮಾಡ್ತಿರೋ ಕೇಳುಗರಿಗೆ ಈ ತಲೆನೋವೇ ಇಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಇದ್ದೀರಾದ್ರೆ ಪಕ್ಕದ ಸೂಪರ್ ಮಾರ್ಕೆಟ್‌ನಲ್ಲೇ ಇರುತ್ತೆ.

ಗುಡ್ಡದ ಮೇಲೆ ಯಾರು ಉಳೀತಾರೆ

ಕೊನೆಗೆ ಸ್ವಲ್ಪ ಗಂಭೀರ ಮಾತು. ಜರ್ಮನಿಯಲ್ಲಿ ಐಸ್‌ವೈನ್ ಮಾಡೋಕೆ ದ್ರಾಕ್ಷಿ ಬಳ್ಳಿಯಲ್ಲೇ ಹೆಪ್ಪುಗಟ್ಟಬೇಕು. ಮೈನಸ್ 7 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಹೋಗಬೇಕು. 2019ರ ಫಸಲಿಗೆ ರೈತರು ದ್ರಾಕ್ಷಿ ಬಿಟ್ಟು ಕಾದ್ರು, 2020ರ ಚಳಿಗಾಲ ಮುಗೀತು, ಆ ಚಳಿ ಬರಲೇ ಇಲ್ಲ. ದೇಶದ 13 ವೈನ್ ಪ್ರದೇಶಗಳಲ್ಲಿ ಒಂದರಲ್ಲೂ ಆ ವರ್ಷದ ಐಸ್‌ವೈನ್ ಇಲ್ಲ. ಹಿಂದೆಂದೂ ಹೀಗಾಗಿರಲಿಲ್ಲ ಅಂತ ಅಲ್ಲಿನ ವೈನ್ ಸಂಸ್ಥೆಯೇ ಹೇಳ್ತು.

ಇನ್ನೊಂದು ಕಡೆ ಮೋಸೆಲ್‌ನ ಕಡಿದಾದ ತೋಟಗಳನ್ನ ಬಿಟ್ಟು ಹೋಗೋರು ಇದ್ದಾರೆ. ಬಯಲಿನ ತೋಟಕ್ಕೆ ಹೋಲಿಸಿದ್ರೆ ಅಲ್ಲಿ ಒಂದು ಹೆಕ್ಟೇರ್‌ಗೆ ಹಿಡಿಯೋ ಕೂಲಿ ಹಲವು ಪಟ್ಟು. ಬಾಟಲಿ ಬೆಲೆ ಮಾತ್ರ ಆ ಪಟ್ಟು ಏರಿಲ್ಲ, ಯಾಕಂದ್ರೆ ಅರ್ಧ ಶತಮಾನದ ಹಿಂದೆ ಹಾಳಾದ ಹೆಸರು ಇನ್ನೂ ಪೂರ್ತಿ ರಿಪೇರಿ ಆಗಿಲ್ಲ. ಮಕ್ಕಳು ಊರು ಬಿಟ್ಟ ಕಡೆ ಬಳ್ಳಿ ಇದ್ದ ಜಾಗದಲ್ಲಿ ಪೊದೆ ಬೆಳೆಯುತ್ತೆ. ನಮ್ಮ ಮಲೆನಾಡಿನ ಎಷ್ಟೋ ಗದ್ದೆಗಳು ನೆನಪಾದ್ರೆ ತಪ್ಪಿಲ್ಲ.

ಕೊಳ್ಳೋರಿಗೆ ಇದೇ ಕಾರಣಕ್ಕೆ ರೀಸ್ಲಿಂಗ್ ಲಾಭ: ಇಷ್ಟು ಶ್ರಮದ ವೈನ್ ಇಷ್ಟು ಕಡಿಮೆ ಬೆಲೆಗೆ ಸಿಗೋದು ಅಪರೂಪ. ಆದ್ರೆ ಅದು ಶಾಶ್ವತ ಅಲ್ಲ. ಒಂದೋ ಲೇಬಲ್ ಓದೋಕೆ ಬರೋ ಗಿರಾಕಿಗಳು ಹೆಚ್ಚಾಗಿ ಬೆಲೆ ಏರಬೇಕು, ಇಲ್ಲಾ ಗುಡ್ಡದ ತೋಟ ಕಡಿಮೆಯಾಗುತ್ತೆ. ಆಕರ್‌ಲಾಫ್ ಹೇಳಿದ ರೋಗಕ್ಕೆ ಮದ್ದು ಕೂಡ ಮಾಹಿತಿಯೇ. ಕಾಬಿನೆಟ್ ಅಂದ್ರೇನು, ಟ್ರೋಕೆನ್ ಅಂದ್ರೇನು, ಒಂದೇ ತೋಟದ ಹೆಸರು ಯಾವುದು, ಹತ್ತೂರಿನ ಹೆಸರು ಯಾವುದು ಅಂತ ಗೊತ್ತಿರೋ ಗಿರಾಕಿ, ಒಳ್ಳೆ ಮಾಲಿಗೆ ಒಳ್ಳೆ ಬೆಲೆ ಕೊಡ್ತಾನೆ.

ಹಾಗಾಗಿ ಇವತ್ತಿನ ಹೋಮ್‌ವರ್ಕ್ ಚಿಕ್ಕದು. ಮುಂದಿನ ಸಲ ರೀಸ್ಲಿಂಗ್ ಬಾಟಲಿ ಕೈಗೆ ಸಿಕ್ಕಿದ್ರೆ ಮುಂದಿನ ಚಿತ್ರ ನೋಡೋ ಮೊದಲು ಸಣ್ಣ ಅಕ್ಷರದ ಆ ಶೇಕಡಾ ನಂಬರ್ ನೋಡಿ. 8 ಇದ್ರೆ ಖಾರದ ಊಟಕ್ಕೆ ಕಾಯಿರಿ. 12.5 ಇದ್ರೆ ಮೀನು ತನ್ನಿ. ಕುಡಿದವರು ಗಾಡಿ ಓಡಿಸಬೇಡಿ, ಅಷ್ಟೇ ನನ್ನ ಕೋರಿಕೆ.

ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸ್ತೀನಿ. ಇಷ್ಟ ಆದ್ರೆ ಊಟದ ಗೆಳೆಯರ ಗ್ರೂಪ್‌ಗೆ ಫಾರ್ವರ್ಡ್ ಮಾಡಿ. ಮತ್ತೆ ಸಿಗೋಣ, ನಮಸ್ಕಾರ.